ಮಗಳ ಊರಿನ ನೀರು

ಧಾಪು ಹಿತ್ತಾಳೆಯ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ತಾತ ಜೇಠಾರಾಮನ ಬಾಯಿಯ ಹತ್ತಿರಕ್ಕೇ ತಂದಳು. ಮರಳುಗಾಡಿನ ದಾರಿಯಲ್ಲಿ ಇಂಜಿನ್ ಕುದಿದುಹೋದ ಜೀಪು ಅವರು ತಂದಿದ್ದ ನೀರನ್ನೆಲ್ಲ ಕುಡಿದಿತ್ತು. ರಜೆಗೆ ಬಂದಿದ್ದ ಮೊಮ್ಮಕ್ಕಳನ್ನು ಅವರ ಅಪ್ಪನ ಮನೆಗೆ ಮುಟ್ಟಿಸುವಷ್ಟರಲ್ಲಿ ಜೇಠಾರಾಮನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು.

"ಬೇಡ ಕಂದಾ. ಮಗಳನ್ನ ಕೊಟ್ಟ ಊರಲ್ಲಿ ಹೆತ್ತವರು ನೀರು ಮುಟ್ಟಬಾರದು, ಅದು ನಮ್ಮ ಕಟ್ಟಳೆ."

"ಅಮ್ಮ ಕೊಟ್ಟಾಗ್ಲೂ ಹಿಂಗೇ ಅಂತಿದ್ರಿ. ಈಗ ಅಮ್ಮನೇ ಇಲ್ವಲ್ಲ ತಾತ, ಈಗ ಕುಡೀಬಹುದು!" ಬಹಳ ಯೋಚಿಸಿ ದಾರಿ ಕಂಡುಕೊಂಡವಳಂತೆ ಅವಳ ಮುಖ ಅರಳಿತು.

ಜೀಪಿನಲ್ಲೇ ಕೂತಿದ್ದ ಹೆಂಡತಿ ಗವರಿ, "ಒಂಟೆ ಹಟಾನಾದ್ರೂ ಇಳಿಯುತ್ತೆ, ನಿಮ್ಮದು ಇಳಿಯಲ್ಲ. ವಾಪಸ್ ಹೋಗೋ ದಾರೀಲಿ ಒಂದು ಬಾವೀನೂ ಇಲ್ಲ. ಮಗು ಸರಿಯಾಗೇ ಹೇಳ್ತು, ಕುಡೀರಿ," ಎಂದು ತಾನೂ ಬೊಗಸೆ ಚಾಚಿದಳು.

ಜೇಠಾರಾಮ ಚೊಂಬನ್ನು ತೆಗೆದುಕೊಂಡು ತುಟಿಯವರೆಗೂ ಒಯ್ದ. ನೀರಿನ ತಂಪು ಮೀಸೆಗೆ ತಾಕಿತು. ಒಂದು ಗುಟುಕು ಇಳಿದರೆ ಮಗು ಹೇಳಿದ ಮಾತು ನಿಜವಾಗಿಬಿಡುತ್ತದೆ.

"ಇದು ಇವತ್ತಿಗೂ ನನ್ನ ಮಗಳ ಊರೇ ಕಣೇ," ಎಂದು ಅವನು ತುಂಬಿದ ಚೊಂಬನ್ನು ಹಾಗೇ ಮೊಮ್ಮಗಳ ಕೈಗಿಟ್ಟ.

ಗವರಿ ಬೊಗಸೆಯನ್ನು ಮೆಲ್ಲಗೆ ಮಡಚಿ ಸೆರಗಿನೊಳಗೆ ಎಳೆದುಕೊಂಡಳು.