ನಾಲ್ಕನೇ ಸಲ

"ಹಸಿರು ಬಂತಲ್ಲಮ್ಮ, ಕಾರು ಬಿಡು!" ಮೇಲ್ವಿಚಾರಕ ಕಂಪ್ಯೂಟರಿನ ಪರದೆಗೆ ಬೆರಳಿನಿಂದ ಕುಟ್ಟಿದ. ಬ್ರೇಕ್ ಪರೀಕ್ಷೆ ಒಂದೇ ಸಲಕ್ಕೆ ಪಾಸಾಗಿದೆ ಎಂದು ಅಲ್ಲಿತ್ತು.

ಪರೀಕ್ಷಕಿ ಪಕ್ಕದ ಹಳೆಯ ಕಂಟ್ರೋಲರ್ ಪೆಟ್ಟಿಗೆಯ ಮುಚ್ಚಳ ತೆರೆದಳು. ಪ್ರತಿ ಪರೀಕ್ಷೆಯನ್ನೂ ಎಣಿಸುವ ಅದು ಈ ಕಾರಿಗೆ ನಾಲ್ಕು ತೋರಿಸುತ್ತಿತ್ತು. "ಮೂರು ಸಲ ಫೇಲಾಗಿದ್ದನ್ನ ಅಳಿಸಿದ್ಯಾರು ಸಾರ್?"

"ನಾನೇ, ಏನೀಗ? ಕಂಪ್ಯೂಟರಿಗಿಂತ ಆ ಮುದಿ ಡಬ್ಬಿ ಮಾತು ಹೆಚ್ಚಾಯ್ತಾ ನಿನಗೆ? ಸಹಿ ಹಾಕು."

"ರಸ್ತೇಲಿ ಅಡ್ಡ ಬಂದೋರು ನಾಲ್ಕನೇ ಸಲ ಬ್ರೇಕ್ ಒತ್ತೋವರೆಗೂ ಕಾಯ್ತಾರಾ?"

ಅವಳು ಸಿಟ್ಟಿನಿಂದ ಮುಖ್ಯ ಸ್ವಿಚ್ ಆರಿಸಿ, ಸೊಂಟದಲ್ಲಿದ್ದ ತನ್ನ ಕೆಂಪು ಬೀಗವನ್ನು ಅದಕ್ಕೆ ಜಡಿದಳು. ಹಾಕಿದವರೇ ತೆಗೆಯಬೇಕೆಂಬುದು ಕಾರ್ಖಾನೆಯ ಕಟ್ಟುನಿಟ್ಟಿನ ನಿಯಮ. ಕಾರು ತಯಾರಿಸುವ ಇಡೀ ಲೈನು ನಿಂತಿತು. ಕೆಲಸಗಾರರೆಲ್ಲ ಇತ್ತ ತಿರುಗಿದರು.

"ಕೀಲಿ ಕೊಡಮ್ಮ," ಎಂದ ಅವನ ದನಿ ತಗ್ಗಿತ್ತು.

"ಮೊದಲು ಆ ಬ್ರೇಕ್ ಬಿಚ್ಚಿಸಿ."