ಸೆಕ್ರೆಟರಿ, ಪ್ಯಾರಾಲೀಗಲ್ ಮತ್ತು ನೀಲವ್ವ

ಹುಬ್ಬಳ್ಳಿಯಲ್ಲಿ ಒಂದು ವಕೀಲರ ಕಚೇರಿ…

ಅಲ್ಲಿ ಇಬ್ಬರು ಹೆಣ್ಣುಮಕ್ಕಳು. ಶಕುಂತಲಾ, ಲೀಗಲ್ ಸೆಕ್ರೆಟರಿ. ಅವರಿಗಿಂತ ಚಿಕ್ಕವಳಾದ ತೇಜಸ್ವಿನಿ, ಪ್ಯಾರಾಲೀಗಲ್.

ಹೊರಗಿನವರಿಗೆ ಎರಡೂ ಒಂದೇ. ನಿಜಕ್ಕೂ ಒಂದಲ್ಲ.

ವಕೀಲರ ಡೈರಿ, ಫೋನ್, ಭೇಟಿಯ ಸಮಯ, ಟೈಪಿಂಗ್… ಇದು ಸೆಕ್ರೆಟರಿ ಕೆಲಸ.

ಕೇಸಿನ ಕಾಗದ ಓದುವುದು, ಹಳೆಯ ತೀರ್ಪು ಹುಡುಕುವುದು, ಅರ್ಜಿಯ ಕರಡು ಬರೆಯುವುದು… ಇದು ಪ್ಯಾರಾಲೀಗಲ್ ಕೆಲಸ.

ಕಾನೂನು ಸಲಹೆ ಕೊಡುವ ಅಧಿಕಾರ ಮಾತ್ರ ಇಬ್ಬರಿಗೂ ಇಲ್ಲ. ಅದು ವಕೀಲರದ್ದು.

ಒಂದು ದಿನ ಜಗಳ ಹತ್ತಿತು.

"ಅಕ್ಕಾರ, ನಾ ಇಲ್ಲಿ ಫೋನ್ ಎತ್ತಾಕ ಬಂದಾಕಿ ಅಲ್ರಿ" ಅಂದಳು ತೇಜಸ್ವಿನಿ.

"ಹೌದವ್ವಾ, ನೀ ದೊಡ್ಡಾಕಿ. ನಾಳಿಂದ ನಿನ್ನ ಕರಡು ನೀನ ಟೈಪ್ ಮಾಡ್ಕೊ" ಅಂದರು ಶಕುಂತಲಾ.

ವಕೀಲ ಹಂಚಿನಮನಿ ಸಾಹೇಬರಿಗೆ ಸಾಕಾಯಿತು. "ಇನ್ನ ಮ್ಯಾಲೆ ಒಬ್ಬರ ಕೆಲಸಕ್ಕ ಇನ್ನೊಬ್ಬರು ಕೈ ಹಾಕಬ್ಯಾಡ್ರಿ. ಮುಗೀತು."

ಕಚೇರಿ ತಣ್ಣಗಾಯಿತು. ಎಲ್ಲರಿಗೂ ಸಮಾಧಾನ…

ಆಗ ಬಂದವರು ನೀಲವ್ವ. ಬಾಡಿಗೆ ಕಟ್ಟಡದಲ್ಲಿ ಖಾನಾವಳಿ ನಡೆಸಿ ಬದುಕುತ್ತಿದ್ದ ಹೆಂಗಸು.

ಕಟ್ಟಡ ಖಾಲಿ ಮಾಡಿ ಎಂದು ಕೆಳಗಿನ ಕೋರ್ಟು ತೀರ್ಪು ಕೊಟ್ಟಿತ್ತು. ಮೇಲ್ಮನವಿ ಇದೇ ಕಚೇರಿಯಲ್ಲಿ ಸಿದ್ಧವಾಗಿತ್ತು. ಸಲ್ಲಿಸಲು ಇನ್ನೂ ಅವಧಿ ಇತ್ತು.

ಆದರೆ ಮಾಲೀಕ ಕಾಯಲಿಲ್ಲ, ತೀರ್ಪು ಜಾರಿ ಮಾಡಿಸಲು ಕೋರ್ಟಿನಿಂದ ಆದೇಶ ತಂದಿದ್ದ.

"ಯವ್ವಾ, ನಾಳೆ ಮುಂಜಾನೆ ಕೋರ್ಟಿನ ಅಮೀನ ಪೊಲೀಸರನ್ನ ಕರ್ಕೊಂಡು ಖಾಲಿ ಮಾಡಸಾಕ ಬರ್ತಾನಂತ! ಮಾಲೀಕನ ಮಗಾ ನಕ್ಕೋತ ಹೇಳಿ ಹೋದಾ. ಲಗೂನ ಸಾಹೇಬರಿಗೆ ತಿಳಸ್ರಿ…"

ಶಕುಂತಲಾ ಅಂದರು: "ಅದು ಕೇಸಿನ ವಿಷಯ. ಆ ಮೇಜಿಗೆ ಹೋಗ್ರಿ."

ತೇಜಸ್ವಿನಿ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಸಾಹೇಬರು ಧಾರವಾಡಕ್ಕ ಹೋಗ್ಯಾರ. ಅವರಿಗೆ ಸುದ್ದಿ ಮುಟ್ಟಿಸೂದು ಸೆಕ್ರೆಟರಿ ಕೆಲಸ. ಆ ಅಕ್ಕಾರಿಗೇ ಹೇಳ್ರಿ."

ನೀಲವ್ವ ಮತ್ತೆ ಶಕುಂತಲಾ ಕಡೆ ಬಂದರು.

"ಯಾಕ, ಆಕೀಗೆ ಫೋನ್ ಮಾಡಾಕ ಏನ್ ಧಾಡಿ? ಆಕಿ ಹತ್ರಾನೂ ಮೊಬೈಲ್ ಐತೆಲ್ಲ!" ಅಂದರು ಶಕುಂತಲಾ.

ಎರಡು ಮೇಜುಗಳ ನಡುವಿನ ಬೆಂಚಿನ ಮೇಲೆ ನೀಲವ್ವ ಕೂತರು… ಸಂಜೆವರೆಗೂ ಕೂತರು.

ತೇಜಸ್ವಿನಿ ಹೇಳಿರುತ್ತಾಳೆ ಎಂದುಕೊಂಡರು ಶಕುಂತಲಾ. ಶಕುಂತಲಾ ಹೇಳಿರುತ್ತಾರೆ ಎಂದುಕೊಂಡಳು ತೇಜಸ್ವಿನಿ.

ಇಬ್ಬರೂ ಓದಿದವರು, ಯಾರಾದರೂ ಒಬ್ಬರು ಹೇಳಿಯೇ ಇರುತ್ತಾರೆ ಎಂದುಕೊಂಡು ನೀಲವ್ವ ರಾತ್ರಿಯ ಅಡುಗೆಗೆ ಎದ್ದು ಹೋದರು.

ಮರುದಿನ ಬೆಳಿಗ್ಗೆ ಖಾನಾವಳಿಯ ಪಾತ್ರೆಗಳೆಲ್ಲ ರಸ್ತೆಯಲ್ಲಿದ್ದವು. ಬಾಗಿಲಿಗೆ ಮಾಲೀಕನ ಬೀಗ.

ಹಂಚಿನಮನಿ ಸಾಹೇಬರು ಕೂಗಾಡಿದರು: "ಒಂದು ಫೋನ್ ಮಾಡಿದ್ರ ನಿನ್ನೇನ ಬಂದು ತಡೆಯಾಜ್ಞೆ ಕೇಳತಿದ್ದೆ! ಕೊಡತಿದ್ರೋ ಬಿಡತಿದ್ರೋ ಬ್ಯಾರೆ ಮಾತು. ಕೇಳಾಕೂ ಆಗಲಿಲ್ಲಲ್ಲ!"

ಮೇಲ್ಮನವಿ ಆಮೇಲೆ ದಾಖಲಾಯಿತು. ಅದು ವಿಚಾರಣೆಗೆ ಬರುವಷ್ಟರಲ್ಲಿ ಆ ಹಳೆಯ ಕಟ್ಟಡವೇ ನೆಲಸಮವಾಗಿತ್ತು.

ಮುಂದೊಂದು ದಿನ ನೀಲವ್ವ ಕಚೇರಿಗೆ ಬಂದರು. ಈಗ ಅವರು ಇನ್ಯಾರದೋ ಖಾನಾವಳಿಯಲ್ಲಿ ಪಾತ್ರೆ ತೊಳೆಯುತ್ತಿದ್ದರು.

ಬೈಯಲು ಬಂದಿದ್ದಾರೆ ಎಂದು ಇಬ್ಬರೂ ಎದ್ದು ನಿಂತರು. ಇಬ್ಬರ ಬಾಯಲ್ಲೂ ಉತ್ತರ ಸಿದ್ಧವಿತ್ತು… "ಅದು ನನ್ನ ಕೆಲಸ ಆಗಿರಲಿಲ್ಲ."

ನೀಲವ್ವ ಕೈ ಮುಗಿದರು.

"ನನ್ನ ಸಲುವಾಗಿ ಸಾಹೇಬರ ಕಡೆ ಬೈಸ್ಕೊಂಡ್ರಂತ. ಸಿಟ್ಟಾಗಬ್ಯಾಡ್ರಿ ಯವ್ವಾ… ತಪ್ಪು ನಂದ ಐತಿ. ಯಾರಿಗೆ ಹೇಳಬೇಕಂತ ನನಗ ತಿಳೀಲಿಲ್ಲ. ಓದಿದಾಕಿ ಅಲ್ಲ ನೋಡ್ರಿ…"

ಇಬ್ಬರ ಕಣ್ಣೂ ತುಂಬಿ ಬಂದವು.

ಆದರೆ "ತಪ್ಪು ನಿಮ್ಮದಲ್ಲ" ಎಂಬ ಒಂದು ಮಾತು… ಆ ದಿನವೂ ಇಬ್ಬರಲ್ಲಿ ಯಾರೂ ಹೇಳಲಿಲ್ಲ.

ಕೆಲಸಕ್ಕೆ ಗಡಿ ಇರಲಿ. ಆದರೆ ಕಷ್ಟ ಹೊತ್ತು ಬಂದವರಿಗೆ ಆ ಗಡಿ ಕಾಣುವುದಿಲ್ಲ, ಅದನ್ನು ದಾಟಬೇಕಾದವರು ನಾವೇ.

ಕಳೆದ ಬಾರಿ ನೀವು "ಅದು ನನ್ನ ಕೆಲಸ ಅಲ್ಲ" ಎಂದು ಕಳಿಸಿಬಿಟ್ಟವರು ಆಮೇಲೆ ಏನಾದರು… ವಿಚಾರಿಸಿದ್ದೀರಾ?