ಅರ್ಧ ಬಾಟಲಿ ಶಾಬ್ಲಿ

ಹೊಸ ಕಡಲೆ ಮಾರುಕಟ್ಟೆಗೆ ಬರುವ ಮಾಘ ಮಾಸದ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ, ಶಿವಯೋಗೀಶ ಗಿರಾಕಿ ತುಂಬಿದ ತನ್ನ ಕಾಳಿನ ಅಂಗಡಿ ಬಿಟ್ಟು ಹೆಂಡತಿಯ ಬೆನ್ನು ಹತ್ತಿದ.

ರಾಜೇಶ್ವರಿ ಗೋಕುಲ ರಸ್ತೆಯ ದೊಡ್ಡ ಹೋಟೆಲಿನಲ್ಲಿ ಬಂದವರಿಗೆ ವೈನಿನ ಗುಣ ಹೇಳಿ ಬಡಿಸುವವಳು. ನಾಲಿಗೆಗಿಟ್ಟು ಉಗುಳುವುದಷ್ಟೇ, ಕುಡಿಯುವ ಕೆಲಸವಲ್ಲ ಎಂದು ಮದುವೆಗೆ ಮೊದಲೇ ತಿಳಿಸಿದ್ದಳು. ಅವನೂ ಒಪ್ಪಿದ್ದ. ಈಗ ಹೋಟೆಲಿನವರು ಅವಳನ್ನು ಒಂದು ತಿಂಗಳು ಫ್ರಾನ್ಸಿನ ಶಾಬ್ಲಿಗೆ ಕಳಿಸುವವರಿದ್ದರು. ಚಳಿಯ ಸೀಮೆ, ಬಿಳಿ ಮಣ್ಣು. ಬಿಳಿ ವೈನ್ ಬಿಟ್ಟರೆ ಅಲ್ಲಿ ಬೇರೆ ಮಾತಿಲ್ಲವಂತೆ. ಶುಕ್ರವಾರ ಮ್ಯಾನೇಜರ ಮುಂದೆ, ಊರಿನ ಹೆಸರಿನದೇ ಆದ ಆ ವೈನಿನ ಗುಣ ಸರಿಯಾಗಿ ಹೇಳಿದರೆ ಟಿಕೀಟು ಖಾತ್ರಿ. ಅಭ್ಯಾಸಕ್ಕೆಂದು ಒಂದು ಬಾಟಲಿ ಮನೆಗೆ ಕೊಟ್ಟಿದ್ದರು; ಅದರಲ್ಲೇ ಅರ್ಧ ಉಳಿಸಿ ಶುಕ್ರವಾರ ತರಬೇಕಿತ್ತು. ಪೂಜೆಯ ಹೊತ್ತಿಗೆ ಅವಳು ಅದಕ್ಕೆ ಟಾವೆಲ್ ಸುತ್ತಿಡುತ್ತಿದ್ದಳು.

ಆದರೆ ಅವಳ ಚಿತ್ತ ಮನೆಯಲ್ಲಿರಲಿಲ್ಲ. ಹಾಲು ತಳ ಹಿಡಿದು ಮನೆಯೆಲ್ಲ ನಾರಿದರೂ ಒಲೆಯ ಪಕ್ಕದಲ್ಲೇ ನಿಂತು ಏನೋ ಓದುತ್ತಿದ್ದಳು. ಅವನು ಮಲ್ಲಿಗೆ ತಂದರೆ ಮುಡಿಯುತ್ತಿದ್ದಳು, ಒಂದು ಮಾತಿಲ್ಲ. ಗುರುವಾರ ಬಂತೆಂದರೆ ಸೀರೆಯ ತುಂಬ ಅತ್ತರಿನ ಘಮ ಹೊತ್ತು ಬಂದು ಅವನ ಪಕ್ಕದಲ್ಲೇ ಉಣ್ಣಲು ಕೂಡುತ್ತಿದ್ದಳು. ಮುಚ್ಚಿಡಬೇಕೆಂಬ ಅಂಜಿಕೆಯೂ ಇಲ್ಲ. ಅವನನ್ನು ಸುಟ್ಟದ್ದು ಅದೇ.

ಅವಳ ಆಟೋ ನಿಂತದ್ದು ಗುಲಾಬಸಾಬನ ಅತ್ತರಿನ ಅಂಗಡಿಯ ಮುಂದೆ. ಆತನದು ಮದರಂಗಿ ಹಚ್ಚಿದ ಗಡ್ಡ, ನೆಟ್ಟಗಿನ ಮೈಕಟ್ಟು. ರಸ್ತೆಯ ಈಚೆ ನಿಂತು ಶಿವಯೋಗೀಶ ಗಾಜಿನ ಬಾಗಿಲಿನ ಮೂಲಕ ಎಲ್ಲ ನೋಡಿದ. ಅವಳು ಮನೆಯಿಂದ ತಂದ ಬಾಟಲಿಯನ್ನು ಗ್ಲಾಸಿಗೆ ಬಗ್ಗಿಸಿದಳು. ಆತ ಗ್ಲಾಸನ್ನು ಬಾಯಿಗೆ ತಾಗಿಸದೆ ಮುಖದ ಬಳಿ ಹಿಡಿದು, ಕಣ್ಣು ಮುಚ್ಚಿ ಏನೋ ಪಿಸುಗುಟ್ಟಿದ. ಅವಳು ಆತನ ತುಟಿಯನ್ನೇ ನೋಡುತ್ತ ತಾನೂ ತುಟಿ ಆಡಿಸಿದಳು.

ಸಂಜೆ ಬೈರಿದೇವರಕೊಪ್ಪದ ಮನೆಯಲ್ಲಿ, ಅತ್ತರಿನವನ ಹತ್ತಿರ ಏನು ಕೆಲಸವೆಂದು ಕೇಳಿದ. ಕಲಿಯಲು ಹೋಗುತ್ತೇನೆ, ನಾಳೆಯದೊಂದು ಮುಗಿಯಲಿ, ಎಲ್ಲ ಹೇಳುತ್ತೇನೆ ಎಂದಳು.

"ಶಾಬ್ಲಿಗೂ ಅವ ಬರ್ತಾನೇನು?"

"ಬಂದ್ರ ಭಾಳ ಛಲೋ ಆಗ್ತಿತ್ತು ನೋಡ್ರಿ."

ಅವಳು ಸ್ನಾನಕ್ಕೆ ಹೋದಾಗ ಅವನು ಉಳಿದರ್ಧ ವೈನನ್ನು ಮೋರಿಗೆ ಸುರಿದ. ಮೂರು ದಿನದ ಹುಳಿ ಮಜ್ಜಿಗೆಯ ತಿಳಿಯನ್ನು ಸೋಸಿ ತುಂಬಿದ. ಅದೇ ತೆಳು ಹಳದಿ, ಅದೇ ಹುಳಿ. ನಾತ ಮಾತ್ರ ಮೂಗು ಮುಚ್ಚುವಂಥದು. ನಾಳೆ ಮುಖ ಹಿಂಡುತ್ತಾಳೆ, ಬಾಟಲಿ ಕೆಡಿಸಿದಳೆಂದು ಬೈಸಿಕೊಳ್ಳುತ್ತಾಳೆ, ಪ್ರಯಾಣ ತಪ್ಪುತ್ತದೆ. ಅವನಿಗೆ ಅಷ್ಟೇ ಬೇಕಾಗಿತ್ತು.

ಶುಕ್ರವಾರ ತಾನೇ ಸ್ಕೂಟರಿನಲ್ಲಿ ಬಿಟ್ಟು, ಒಳಗೂ ಹೋಗಿ ಕೂತ. ಮ್ಯಾನೇಜರ್ ಮಾನಸಿ ಎದುರಿಗಿದ್ದಳು. ಸುರಿದವರೇ ಮೊದಲು ರುಚಿ ನೋಡಬೇಕು, ಅದು ಆ ಕೆಲಸದ ರೀತಿ. ರಾಜೇಶ್ವರಿ ಮನೆಯ ಬಾಟಲಿಯಿಂದ ಎರಡು ಗ್ಲಾಸಿಗೆ ಸುರಿದು, ತನ್ನದನ್ನು ತಿರುಗಿಸಿ, ಮೂಗಿಗೆ ಹಿಡಿದು, ನಾಲಿಗೆಗಿಟ್ಟು ಉಗುಳಿದಳು. ಅವನು ಅವಳ ಮುಖವನ್ನೇ ನೋಡುತ್ತ ಕಾದ.

ಮುಖ ಅರಳಿತು.

"ಮಳಿ ಬಿದ್ದ ಕಲ್ಲಿನ ವಾಸನಿ ಐತ್ರಿ. ಹಸರು ಸೇಬಿನ ಸಿಪ್ಪಿ. ಕಡೀಕ, ಶಾಬ್ಲಿ ಮಣ್ಣಾಗ ಹುಗದ ಹಳೇ ಸಮುದ್ರದ ಸಿಂಪಿ."

ಮಾನಸಿ ತನ್ನ ಗ್ಲಾಸನ್ನು ಮೂಗಿನವರೆಗೆ ಎತ್ತಿ ಹಾಗೇ ಕೆಳಗಿಟ್ಟಳು. ಮೆಲ್ಲಗೆ ಕೇಳಿದಳು.

"ರಾಜೇಶ್ವರಿ, ನಿಮಗ ವಾಸನಿ ಯಾವಾಗಿಂದ ಬರೂದಿಲ್ಲ?"

"ಹ್ವಾದ ವರ್ಷ ಜ್ವರ ಬಂದಾಗಿಂದ್ರಿ," ಎಂದಳು ರಾಜೇಶ್ವರಿ. "ಗುಲಾಬಸಾಬ ಕಾಕಾ ಮೂಸಿ ಹೇಳ್ತಿದ್ರು, ನಾ ಬಾಯಿಪಾಠ ಮಾಡ್ತಿದ್ದೆ." ಆಮೇಲೆ ಗಂಡನ ಕಡೆ ತಿರುಗಿ, "ಇದರಾಗ ಏನೈತ್ರಿ?" ಎಂದು ಕೇಳಿದಳು. ಮಜ್ಜಿಗೆಯ ತಿಳಿ ಎಂದು ಅವನು ಒಪ್ಪಿಕೊಂಡ. ಶನಿವಾರ ಬೆಳಗಿನ ಬಸ್ಸಿಗೆ ಅವಳು ಒಬ್ಬಳೇ ಉಪ್ಪಿನಬೆಟಗೇರಿಯ ತವರಿಗೆ ಹೊರಟಳು.